ಓಲೆಗರಿಯಿಂದ ಗಣಕದವರೆಗೆ

2025ರ ದೀಪಾವಳಿಗೆ ನಾನು ಯರಗಟ್ಟಿಗೆ ಹೋದಾಗ ಮನೆಯಲ್ಲಿ ಒಂದು ನ್ಯಾಯ ನನಗಾಗಿ ಕಾದು ಕುಳಿತಿತ್ತು. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕರು. ನಡುಮನೆಯ ಕಿಟಕಿಯ ಬದಿಗೆ ಅವರ ಗಣಕಯಂತ್ರವಿದೆ, 2012ರಲ್ಲಿ ಕೊಂಡದ್ದು. ಅದನ್ನು ನಡೆಸುವ ಮೂಲ ವ್ಯವಸ್ಥೆಯ ಹೆಸರು ವಿಂಡೋಸ್ 10. ಅದಕ್ಕೆ ಪುಕ್ಕಟೆಯಾಗಿ ಕೊಡುತ್ತ ಬಂದಿದ್ದ ಭದ್ರತೆಯ ತಿದ್ದುಪಡಿಗಳನ್ನು ಮೈಕ್ರೋಸಾಫ್ಟ್ ಕಂಪನಿಯವರು ಅಕ್ಟೋಬರ್ 14ಕ್ಕೆ ನಿಲ್ಲಿಸಿದ್ದರು. ಯಂತ್ರ ಚಾಲೂ ಮಾಡಿದಾಗಲೆಲ್ಲ ಪರದೆಯ ಮೇಲೆ ಎಚ್ಚರಿಕೆಯ ಮಾತು ಬರುತ್ತಿತ್ತು. ಹೊಸ ವ್ಯವಸ್ಥೆಗೆ ಹೋಗಬೇಕೋ, ಹಳೆಯದರಲ್ಲೇ ಇರಬೇಕೋ?

"ಇದಕ್ಕೇನ ಧಾಡಿ ಆಗೈತಿ ತಮ್ಮಾ? ಚಾಲೂ ಮಾಡಿದ್ರ ಆಗತೈತಿ, ಬರದ್ರ ಬರೀತೈತಿ. ಸುಮ್ಮನ ಮುಟ್ಟಬ್ಯಾಡ," ಎಂದರು ತಂದೆ.

ಅಡಿಗೆಮನೆಯಿಂದ ತಾಯಿಯ ದನಿ ಬಂತು: "ಹ್ವಾದ ಸಲ ಮುಟ್ಟಿದಾಗ ನನ್ನ ಹಾಡೆಲ್ಲಾ ಹ್ವಾದೂ."

ಆ ಮಾತು ನನಗೆ ನಾಟಿತು, ಏಕೆಂದರೆ ಹೋದ ಸಲ ಮುಟ್ಟಿದವನು ನಾನೇ. 2016ರಲ್ಲಿ ಆ ಯಂತ್ರದಲ್ಲಿ ವಿಂಡೋಸ್ 7 ಇತ್ತು. 2015ರ ಜುಲೈಯಿಂದ ಒಂದು ವರ್ಷ ಹೊಸ ಆವೃತ್ತಿಯನ್ನು ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆ ಎಂದರೆ ನಮಗೆ ತಡೆದೀತೇ? ಯಂತ್ರವನ್ನು ಹೊತ್ತು ಹತ್ತಿರದ ಪಟ್ಟಣದ ಒಂದು ಅಂಗಡಿಗೆ ಕೊಟ್ಟು ಬಂದೆ. ಅಂಗಡಿಯವರು ಒಳಗಿದ್ದುದನ್ನೆಲ್ಲ ಒರೆಸಿ, ಹಸನಾಗಿ ಹೊಸದನ್ನು ಕೂಡಿಸಿ ಕೊಟ್ಟರು. ಒರೆಸಿ ಹೋದುದರಲ್ಲಿ ನಮ್ಮ ತಾಯಿ ಹೇಳಿ, ತಂದೆ ಬೆರಳಚ್ಚು ಮಾಡಿದ ನಲವತ್ತಕ್ಕೂ ಹೆಚ್ಚು ಬೀಸುವ ಹಾಡುಗಳಿದ್ದವು. ಅವುಗಳಿಗೆ ಬೇರೆ ಪ್ರತಿ ಇರಲಿಲ್ಲ. ಪ್ರತಿ ತೆಗೆದಿಡಬೇಕೆಂದು ಅಂಗಡಿಯವರಿಗೆ ತೋಚಲಿಲ್ಲ, ಎಂ.ಎ. ಓದಿ ಹಸ್ತಪ್ರತಿಗಳ ಮೇಲೆ ಪಾಠ ಹೇಳುವ ನನಗೂ ತೋಚಲಿಲ್ಲ.

ತರಗತಿಯಲ್ಲಿ ನಾನು ವರ್ಷವೂ ಹೇಳುವ ಸಂಗತಿಯೊಂದಿದೆ. ಯರಗಟ್ಟಿಯಿಂದ ಮೂಡಲಿಗೆ ಬಾಗಲಕೋಟೆಯ ದಾರಿ ಹಿಡಿದು ಲೋಕಾಪುರಕ್ಕೆ ಹೋಗಿ ಬಡಗಕ್ಕೆ ತಿರುಗಿದರೆ ಮುಧೋಳ. ರನ್ನನ ಊರಾದ ಮುದುವೊಳಲು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮಹಾಕವಿಯ 'ಅಜಿತಪುರಾಣ'ವನ್ನೂ 'ಗದಾಯುದ್ಧ'ವನ್ನೂ ನಾವು ಇಂದಿಗೂ ಓದುತ್ತೇವೆ. ಆದರೆ ಅವನ 'ಪರಶುರಾಮಚರಿತ' ಎಲ್ಲಿ? 'ಚಕ್ರೇಶ್ವರಚರಿತ' ಎಲ್ಲಿ? ಹೆಸರು ಮಾತ್ರ ಉಳಿದಿವೆ. ಓಲೆಗರಿಗೆ ಹುಳುವಿನ ಕಾಟ, ತೇವದ ಕಾಟ. ಕೆಲವು ತಲೆಮಾರು ಕಳೆಯುವುದರೊಳಗೆ ಯಾರಾದರೂ ಕೂತು ಹೊಸ ಗರಿಗೆ ಇಳಿಸದಿದ್ದರೆ ಆ ಕಾವ್ಯದ ಕಥೆ ಮುಗಿಯಿತು. ಹಾಗೆ ಇಳಿಸುವವರು ಸಿಕ್ಕ ಕೃತಿಗಳು ನಮ್ಮವರೆಗೆ ಬಂದವು.

ರನ್ನನಿಗೆ ಆಶ್ರಯವಿತ್ತು 'ಅಜಿತಪುರಾಣ'ವನ್ನು ಬರೆಯಿಸಿದ ಅತ್ತಿಮಬ್ಬೆ ಈ ಸತ್ಯವನ್ನು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದಳು. ಅವಳ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪೊನ್ನಮಯ್ಯ ಇವರು ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದ್ದರು. ಆಕೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅದೇ ಪೊನ್ನನ 'ಭುವನೈಕರಾಮಾಭ್ಯುದಯ' ಇಂದು ಇಲ್ಲ, 'ಶಾಂತಿಪುರಾಣ' ಇದೆ. ಆ ಸಾವಿರ ಪ್ರತಿಗಳೇ ಇದಕ್ಕೆ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೂ ತಂದೆ ಬರೆಯಿಸಿದ್ದನ್ನು ಮಗಳು ಪ್ರತಿ ಮಾಡಿಸಿದಳೆಂಬ ಮಾತನ್ನು ಈಗ ಪಾಠ ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ಪ್ರತಿ ಉಳಿದರೂ ಸಾಲದು, ಓದುವವರೂ ಉಳಿಯಬೇಕು. ನಮ್ಮ ಅಜ್ಜನ ಟ್ರಂಕಿನಲ್ಲಿ ಹೊಲಮನೆಯ ಹಳೆಯ ಕಾಗದಗಳ ಒಂದು ಗಂಟಿದೆ. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ. ಆದರೆ ಮನೆಯಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇಲ್ಲ, ಏಕೆಂದರೆ ಅದು ಮೋಡಿ ಲಿಪಿ. ನಮ್ಮ ಸೀಮೆಯಲ್ಲಿ ಪೇಶ್ವೆಯರ ಆಳಿಕೆ 1818ರಲ್ಲಿ ಮುಗಿದು ಇಂಗ್ಲಿಷರದು ಬಂದರೂ ಲೆಕ್ಕಪತ್ರಗಳಲ್ಲಿ ಮೋಡಿಯ ರೂಢಿ ಕೂಡಲೆ ಹೋಗಲಿಲ್ಲ. ಮುಂದೆ ಡೆಪ್ಯುಟಿ ಚನ್ನಬಸಪ್ಪನವರಂಥ ಹಿರಿಯರು ಈ ಭಾಗದಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಅದು ನಮ್ಮ ಭಾಗ್ಯ; ಆ ಬದಲಾವಣೆ ಆಗಲೇಬೇಕಾಗಿತ್ತು. ಆದರೆ ಹಳೆಯ ಕಾಗದಗಳನ್ನು ಬಲ್ಲವರಿಂದ ಓದಿಸಿ ಕನ್ನಡದಲ್ಲಿ ಬರೆದಿಡುವ ಕೆಲಸ ನಮ್ಮ ಮನೆಯಲ್ಲಿ ಆಗಲಿಲ್ಲ. ಓದಬಲ್ಲವರು ಇದ್ದಾಗ ಅವಸರ ಕಾಣಲಿಲ್ಲ; ಅವಸರ ಕಂಡಾಗ ಓದಬಲ್ಲವರು ಇರಲಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು, ಗಣಕಕ್ಕೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೆಲವು ದಿನಗಳ ಹಿಂದೆ ತಂದೆಯವರು ಊರ ಜಾತ್ರೆಯ ಮೇಲೆ ಬರೆದ ಲೇಖನವೊಂದು ನನ್ನ ಫೋನಿಗೆ ಬಂದಿತು. ತೆರೆದು ನೋಡಿದರೆ ಒಂದಕ್ಷರವೂ ಕನ್ನಡವಿಲ್ಲ. 'ಕನ್ನಡ' ಎಂದು ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟಿರುವ ಎ, ಅದರಾಚೆ ಇಂಗ್ಲೆಂಡಿನ ಪೌಂಡಿನ ಗುರುತು! ಮೋಡಿಯ ಕಾಗದ ಹಿಡಿದವನಂತೆ ಪಿಳಿಪಿಳಿ ನೋಡಿದೆ.

ಇದರ ಗುಟ್ಟು ಹೀಗಿದೆ. ಗಣಕ ನಮ್ಮ ನಾಡಿಗೆ ಬಂದಾಗ ಅದರೊಳಗೆ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ನಮ್ಮವರು ಜಾಣತನದಿಂದ ಇಂಗ್ಲಿಷಿನ ಮನೆಯಲ್ಲೇ ಕನ್ನಡವನ್ನು ಬಾಡಿಗೆಗೆ ಇರಿಸಿದರು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ತಲೆಕಟ್ಟು, ಕೊಂಬು, ಒತ್ತುಗಳನ್ನು, ಕೂಡಿಸಿದ ಅಚ್ಚುಗಳನ್ನು ಮಾಡಿದರು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಅವಿಲ್ಲದಿದ್ದರೆ ನಮ್ಮ ತಂದೆಯಂಥವರು ಗಣಕದಲ್ಲಿ ಒಂದು ಸಾಲು ಬರೆಯುತ್ತಿರಲಿಲ್ಲ. ಆದರೆ ಬಾಡಿಗೆಯ ಮನೆ ಬಾಡಿಗೆಯದೇ. ಆ ಅಚ್ಚು ಇಲ್ಲದ ಯಂತ್ರದಲ್ಲಿ ಬರಹ ಮತ್ತೆ ಇಂಗ್ಲಿಷಿನ ಕಲಸುಮೇಲೋಗರವಾಗುತ್ತದೆ.

ಲೋಕದ ಲಿಪಿಗಳಿಗೆಲ್ಲ ಒಂದೊಂದು ಸ್ವಂತ ಸ್ಥಾನ ಕೊಡುವ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲಿ ಕನ್ನಡಕ್ಕೂ ಮನೆ ಸಿಕ್ಕಿತು. ಮೈಕ್ರೋಸಾಫ್ಟಿನ ವ್ಯವಸ್ಥೆಗಳಲ್ಲಿ 2001ರ ವಿಂಡೋಸ್ ಎಕ್ಸ್‌ಪಿ ಅದಕ್ಕೆ ಬಾಗಿಲು ತೆರೆಯಿತು. ನಾವು ಬಳಕೆಯಲ್ಲಿ ಬಿಟ್ಟುಬಿಟ್ಟ ಹಳಗನ್ನಡದ 'ೞ' ಅಕ್ಷರಕ್ಕೂ ಅಲ್ಲಿ ಸ್ಥಾನವಿದೆ. ತಪ್ಪಿನಿಂದ ಅದಕ್ಕೆ 'ಫ' ಎಂದು ಹೆಸರಿಟ್ಟು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಪಕ್ಕದಲ್ಲಿ ತಿದ್ದುಪಡಿ ಬರೆದುಕೊಂಡಿದ್ದಾರೆ. ಇಂದಿನ ಫೋನುಗಳು ಬಲ್ಲ ಕನ್ನಡ ಈ ಯೂನಿಕೋಡ್ ಕನ್ನಡವೇ. ತಂದೆಯವರ ಹದಿಮೂರು ವರ್ಷಗಳ ರೂಢಿಯೋ 'ನುಡಿ'ಯ ಹಳೆಯ ಅಚ್ಚಿನದು.

ಹೀಗೆ ವಿಚಾರ ಮಾಡುತ್ತ ಹೋದಂತೆ ನಮ್ಮ ಮನೆಯ ನ್ಯಾಯ ಬೇರೆಯಾಗಿ ಕಂಡಿತು. ಹೊಸದಾದ ವಿಂಡೋಸ್ 11 ಆ ಯಂತ್ರಕ್ಕೆ ಒಗ್ಗುವುದಿಲ್ಲ. ಅದು ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಬಿಲ್ಲೆಯೂ, ಹೊಸ ತಲೆಮಾರಿನ ಸಂಸ್ಕಾರಕವೂ 2012ರ ಯಂತ್ರದಲ್ಲಿಲ್ಲ. ಹಳೆಯದಕ್ಕೇ ಇನ್ನೊಂದು ವರ್ಷದ ರಕ್ಷಣೆಯನ್ನು ಹೆಸರು ನೋಂದಾಯಿಸಿ ಪಡೆಯಬಹುದೆಂದು ಕಂಪನಿಯವರು ಸಾರಿದ್ದರು. ಅಂಥ ಮುದಿ ಯಂತ್ರಗಳಲ್ಲೂ ನಡೆಯುವ ಲಿನಕ್ಸ್ ಇದೆ. ಆದರೆ ಎಂಬತ್ತರ ಹತ್ತಿರದ ತಂದೆಯವರಿಗೆ ಮತ್ತೆ ಓನಾಮ ಕಲಿಸುವ ಮನಸ್ಸು ನನಗಾಗಲಿಲ್ಲ. ಯಂತ್ರದ ಮಾತು ಇಷ್ಟೇ. ಅದಕ್ಕಿಂತ ಮೊದಲು ಆಗಬೇಕಾದದ್ದು ಪ್ರತಿಯ ಕೆಲಸ.

ಬಲಿಪಾಡ್ಯದ ದಿನ ಅಂಗಳದಲ್ಲಿ ಸಗಣಿಯ ಪಾಂಡವರನ್ನು ಕೂಡಿಸಿ ಪೂಜೆ ಮುಗಿದ ಮೇಲೆ ನಾವು ಕೆಲಸಕ್ಕೆ ಕೂತೆವು. ತಂದೆಯವರ ಬರಹಗಳನ್ನೆಲ್ಲ ಎರಡು ಕಡೆ ಪ್ರತಿ ತೆಗೆದು, ಒಂದನ್ನು ಯೂನಿಕೋಡಿಗೆ ತಿರುಗಿಸಿದೆವು. ತಿರುಗಿಸುವ ತಂತ್ರಾಂಶಗಳಿವೆ, ಆದರೆ ಲಿಪಿಕಾರನ ಕೈತಪ್ಪಿನಂತೆ ಅವುಗಳಿಗೂ ತಪ್ಪು ಬೀಳುತ್ತದೆ. ಅರ್ಕಾವೊತ್ತು ಜಾಗ ಬಿಟ್ಟು ಕೂತಿತ್ತು, ಒತ್ತಕ್ಷರ ಒಡೆದಿತ್ತು. ತಂದೆಯವರು ಕೆಂಪು ಪೆನ್ನು ಹಿಡಿದು, ಹುಡುಗರ ಶುದ್ಧಲೇಖನ ತಿದ್ದಿದಂತೆ ಸಾಲುಸಾಲಾಗಿ ತಿದ್ದಿದರು. ಹಳೆಯ ಯಂತ್ರದ ಅಂತರ್ಜಾಲದ ತಂತಿ ಕಿತ್ತು, 'ನುಡಿ'ಯೊಂದಿಗೆ ಅದನ್ನು ಹಾಗೆಯೇ ಬಿಟ್ಟೆವು. ಅವರ ಬರವಣಿಗೆಗೆ ಅದು ಸಾಕು. ಹೊರಗಿನ ವ್ಯವಹಾರಕ್ಕೆ ಸಂಕ್ರಾಂತಿಯ ಹೊತ್ತಿಗೆ ಒಂದು ಹೊಸ ಯಂತ್ರ ಬಂತು.

ಉಳಿದದ್ದು ತಾಯಿಯ ಹಾಡುಗಳು. ಬೀಸುವ ಕಲ್ಲು ನಿಂತು ಎಷ್ಟೋ ವರ್ಷವಾಗಿದೆ. ಕೈಗೆ ಕಲ್ಲಿಲ್ಲದೆ ಹಾಡು ಬಾಯಿಗೆ ಬರುವುದಿಲ್ಲವೆನ್ನುತ್ತಾಳೆ. ಮೂರು ಸಂಜೆ ಕೂತು ನೆನೆದು ನೆನೆದು ಹೇಳಿದಾಗ ಹತ್ತೊಂಬತ್ತು ಹಾಡು ದೊರೆತವು. ಅವುಗಳಲ್ಲಿ ನಾಲ್ಕಕ್ಕೆ ಕೊನೆಯ ನುಡಿ ಇಲ್ಲ. ಮಿಕ್ಕವು ಹೋದವು.

"ಇದ್ದಷ್ಟನ್ನ ಒಂದ ಕಾಗದದ ಮ್ಯಾಲೂ ತಗೀಪಾ," ಎಂದರು ತಂದೆ. ತೆಗೆದೆ. ಹೊಲಿದು ಕಟ್ಟಿದ ಆ ಹಾಳೆಗಳನ್ನು ಅವರು ಅಜ್ಜನ ಟ್ರಂಕಿನಲ್ಲಿ, ಮೋಡಿ ಕಾಗದಗಳ ಮೇಲೆ ಇಟ್ಟರು. ಗಂಟನ್ನು ನಾನು ಹೊರಗೆ ತೆಗೆದೆ. ಮೋಡಿ ಬಲ್ಲವರನ್ನು ಹುಡುಕಿಕೊಂಡು ಈ ಬೇಸಿಗೆ ರಜೆಯಲ್ಲಿ ಹೊರಡಬೇಕೆಂದಿದ್ದೇನೆ.