ಕೊಳೆತ ತತ್ತಿ ವಾಸನೆಯ ಕೆಸರಿನಲ್ಲಿ ಯಾರು ಬದುಕ್ತಾರೆ? (ಒಂದು ಕೆಸರಿನ ಇತಿಹಾಸ, 6 ಭಾಗ)

1/6
ನಮ್ಮ ಗರಗದ ಸುತ್ತ ಯರಿ ಮಣ್ಣು. ಮಳಿ ಬಿದ್ದ ಮರುದಿನ ಹೊಲಕ್ಕ ಹೋದ್ರ ಚಪ್ಪಲಿಗೆ ಅಂಟಿ ಕಾಲು ಎತ್ತಲಿಕ್ಕೇ ಆಗೂದಿಲ್ಲ. ಹಂಗಾಗಿ ಕರಿ ಮಣ್ಣು ನನಗೇನು ಹೊಸದಲ್ಲ ಅಂದ್ಕೊಂಡಿದ್ದೆ.

ಹೋದ ವರ್ಷ ರಜೆಯಲ್ಲಿ ಕುಮಟಾದ ಕ್ಲಾಸ್‌ಮೇಟ್ ಮನೆಗೆ ಹೋಗಿದ್ದೆ. ಶಿರಸಿ ಕಡೆ ಹುಟ್ಟುವ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ ಅಲ್ಲೇ ಹತ್ತಿರ. ಇಳಿತದ ಹೊತ್ತು. ನೀರು ಹಿಂದೆ ಸರಿದು ಕೆಸರು ಬಯಲಾಗಿತ್ತು. ಕಾಲಿಟ್ಟೆ, ಮೊಣಕಾಲಿನವರೆಗೆ ಹೋಯ್ತು. ಮೇಲೆ ಕಂದು ಬಣ್ಣ, ಕೆಳಗೆ ಇದ್ದಿಲಿನಂಥ ಕಪ್ಪು. ಕಾಲು ಕಿತ್ತ ಕೂಡಲೇ ಕೊಳೆತ ತತ್ತಿ ವಾಸನೆ ಗಪ್ಪನೆ ಬಂತು. ಮೂಗು ಮುಚ್ಕೊಂಡು, "ಥೂ, ಇಂಥಾ ಹೊಲಸಿನ್ಯಾಗ ಏನ್ ಬದುಕ್ತದಪಾ" ಅಂದೆ.

ಗೆಳೆಯನ ತಾಯಿ ಅಲ್ಲೇ ಬಗ್ಗಿ ಕೆಸರಿನಿಂದ ಬಳಚು (ಚಿಪ್ಪು ಮೀನು) ಆರಿಸ್ತಿದ್ರು. ಬುಟ್ಟಿ ಅರ್ಧ ತುಂಬಿತ್ತು. ತಲೆ ಎತ್ತಿ ನಕ್ಕು, "ನಿಮ್ಮೂರಲ್ಲಿ ಹೊಲ ಇಲ್ವಾ ತಮಾ? ಇದೂ ಹಾಗೇ" ಅಂದ್ರು. ಅವತ್ತು ರಾತ್ರಿ ಊಟಕ್ಕೆ ಅದೇ ಬಳಚಿನ ಸಾರು. ಉಂಡೆ. ನಾಚಿಕೆನೂ ಆಯ್ತು.

ನಾನು ಪಿಯುಸಿಯಿಂದಲೂ ಕಾಮರ್ಸ್. ಆದ್ರೆ ನನ್ನ ಆ ಪ್ರಶ್ನೆಗೆ ಉತ್ತರ ಹುಡುಕದೆ ಇರೋಕೆ ಆಗಲಿಲ್ಲ. ಹುಡುಕ್ತಾ ಹೋದಾಗ ಗೊತ್ತಾಗಿದ್ದು: ಇದೇ ತಪ್ಪನ್ನು ನನಗಿಂತ ಮುಂಚೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಮಾಡಿದ್ರು.

2/6
ಮೊದಲು ಆ ವಾಸನೆ ಏನು ಅಂತ ನೋಡೋಣ.

ಅಳಿವೆಯ ಕೆಸರು ಬಹಳ ನುಣುಪು. ಗಾಳಿಯ ಆಮ್ಲಜನಕ ಅದರೊಳಗೆ ಕೆಲವು ಮಿಲಿಮೀಟರ್ ಇಳಿಯುವಷ್ಟರಲ್ಲಿ ಖಾಲಿ. ಅದರ ಕೆಳಗೆ ಕೊಳೆಯುವ ಎಲೆ, ಕಾಂಡ್ಲಾ ಗಿಡದ ಕಸ ಎಲ್ಲಾ ಇರ್ತದೆ. ಅದನ್ನು ತಿನ್ನೋ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಮುದ್ರದ ನೀರಿನಲ್ಲಿರೋ ಸಲ್ಫೇಟ್ ಬಳಸ್ತವೆ. ಆಗ ಹುಟ್ಟೋದು ಹೈಡ್ರೋಜನ್ ಸಲ್ಫೈಡ್. ವಾಸನೆ ಇದರದ್ದೇ. ಇದು ಕೆಸರಿನ ಕಬ್ಬಿಣದ ಜೊತೆ ಸೇರಿದಾಗ ಕಬ್ಬಿಣದ ಸಲ್ಫೈಡ್ ಆಗ್ತದೆ. ಕಪ್ಪು ಬಣ್ಣ ಅದರದ್ದು. ನಮ್ಮ ಯರಿ ಮಣ್ಣಿನ ಕಪ್ಪೇ ಬೇರೆ, ಈ ಕಪ್ಪೇ ಬೇರೆ.

ಇದು ಬರೀ ವಾಸನೆ ಅಲ್ರಿ, ವಿಷ. ಸಯನೈಡ್ ಎಲ್ಲಿ ಹೊಡೀತದೋ ಇದೂ ಅಲ್ಲೇ ಹೊಡೀತದೆ: ಜೀವಕೋಶವು ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳುವ ಕೊನೇ ಹಂತದಲ್ಲಿ. ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು ಸತ್ತ ಸುದ್ದಿ ಓದ್ತೀವಲ್ಲ, ಅಲ್ಲಿ ಬಹಳ ಸಲ ಇದೇ ಅನಿಲ ಇರ್ತದೆ. ಪ್ರಮಾಣ ಹೆಚ್ಚಾದರೆ ಮೂಗಿಗೆ ವಾಸನೆ ಬರೋದೇ ನಿಂತುಹೋಗ್ತದೆ, ಅಪಾಯ ಗೊತ್ತೇ ಆಗಲ್ಲ. ಮನುಷ್ಯರನ್ನು ಹಾಗೆ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಆದ್ರೂ ಆ ಸುದ್ದಿ ನಿಂತಿಲ್ಲ.

ಅಂದ್ರೆ ಆ ಕೆಸರಿನಲ್ಲಿ ಎರಡು ಕಷ್ಟ ಒಟ್ಟಿಗೇ: ಉಸಿರಿಗೆ ಆಮ್ಲಜನಕ ಇಲ್ಲ, ಮೇಲೆ ವಿಷ. ಬಳಚು ಅಲ್ಲಿ ಹೆಂಗ ಇರ್ತದ?

3/6
"ಇಲ್ಲಿ ಜೀವ ಇಲ್ಲ" ಅಂತ ಮೊದಲು ಜೋರಾಗಿ ಹೇಳಿದವರಲ್ಲಿ ಒಬ್ಬ ಎಡ್ವರ್ಡ್ ಫೋರ್ಬ್ಸ್. 1840ರ ದಶಕದ ಶುರುವಿನಲ್ಲಿ ಈಜಿಯನ್ ಸಮುದ್ರದ ತಳ ಕೆರೆದು ನೋಡಿದ. ಆಳ ಹೋದಷ್ಟೂ ಜೀವಿಗಳು ಕಡಿಮೆ. ಹಾಗಾಗಿ ಸುಮಾರು 550 ಮೀಟರ್ ಕೆಳಗೆ ಏನೂ ಇರಲ್ಲ ಅಂತ ಲೆಕ್ಕ ಹಾಕಿದ. 1860ರಲ್ಲಿ ಮೆಡಿಟರೇನಿಯನ್ ತಳದಿಂದ ಎತ್ತಿದ ಟೆಲಿಗ್ರಾಫ್ ಕೇಬಲ್ಲಿಗೆ ಹವಳ ಅಂಟಿಕೊಂಡು ಬಂತು. 1872ರಿಂದ 1876ರವರೆಗೆ ಚಾಲೆಂಜರ್ ಹಡಗು ಜಗತ್ತು ಸುತ್ತಿ, ಅದಕ್ಕಿಂತ ಎಷ್ಟೋ ಆಳದಲ್ಲಿ ಜೀವಿಗಳನ್ನು ಹಿಡಿದು ತಂದಿತು. ಫೋರ್ಬ್ಸ್ ಲೆಕ್ಕ ಮುಗೀತು.

ಈಗ ಕಾಮರ್ಸ್ ಮಂದಿಗೆ ಇಷ್ಟ ಆಗೋ ಭಾಗ. ಚಾಲೆಂಜರ್‌ನಲ್ಲಿದ್ದ ಜಾನ್ ಮರ್ರೇ ಮುಂದೆ ಕ್ರಿಸ್‌ಮಸ್ ದ್ವೀಪದ ಫಾಸ್ಫೇಟ್ ಗಣಿಯಿಂದ ಒಳ್ಳೆ ದುಡ್ಡು ಮಾಡಿದ. 1914ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಹಣದಿಂದ 1933-34ರಲ್ಲಿ ಮಬಾಹಿಸ್ ಎಂಬ ಈಜಿಪ್ಟಿನ ಹಡಗು ನಮ್ಮ ಅರಬ್ಬಿ ಸಮುದ್ರಕ್ಕೆ ಬಂತು. ಮುಖ್ಯಸ್ಥ ಸೆಮೂರ್ ಸೆವೆಲ್, ಭಾರತದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕನಾಗಿದ್ದವ. ಒಮಾನ್ ಕಡೆಯ ಕೆಸರು ಮೇಲೆ ಬಂದಾಗ ಅದೇ ತತ್ತಿ ವಾಸನೆ! ಬಲೆಯಲ್ಲಿ ಪ್ರಾಣಿಗಳೂ ಇಲ್ಲ. ಮತ್ತೆ ಅದೇ ಮಾತು: ಇದು ನಿರ್ಜೀವ ವಲಯ.

ಅರ್ಧ ಸತ್ಯ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್‌ವರೆಗೆ ಆಮ್ಲಜನಕ ಬಹಳ ಕಡಿಮೆ, ಅದು ನಿಜ. ಆದ್ರೆ 1994ರಲ್ಲಿ ಅದೇ ಒಮಾನ್ ತೀರದಾಚೆ 400 ಮೀಟರ್ ಆಳದ ಕೆಸರನ್ನು ಸಣ್ಣ ಜರಡಿಯಲ್ಲಿ ಸೋಸಿದಾಗ ಸಿಕ್ಕಿದ್ದು ಒಂದು ಚದರ ಮೀಟರಿಗೆ 12 ಸಾವಿರಕ್ಕೂ ಹೆಚ್ಚು ಪುಟ್ಟ ಜೀವಿಗಳು! ಹೆಚ್ಚಿನವು ಹುಳುಗಳು.

4/6
17 ಫೆಬ್ರವರಿ 1977. ಗಲಾಪಗೋಸ್ ದ್ವೀಪಗಳ ಹತ್ತಿರ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಸುಮಾರು 2,500 ಮೀಟರ್ ಕೆಳಗೆ ಇಳೀತು. ಹೋದವರು ಬಿಸಿನೀರಿನ ಬುಗ್ಗೆ ಹುಡುಕ್ತಿದ್ದ ಭೂವಿಜ್ಞಾನಿಗಳು. ಕಂಡಿದ್ದು ದೊಡ್ಡ ದೊಡ್ಡ ಚಿಪ್ಪು ಮೀನುಗಳ ರಾಶಿ. ಮೇಲೆ ತಂದ ನೀರಿನ ಬಾಟಲಿ ತೆರೆದರೆ ಅದೇ ತತ್ತಿ ವಾಸನೆ. ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಕೆಡದಂತೆ ಇಡೋ ರಾಸಾಯನಿಕ ಸಾಲದೆ ಕೆಲವು ಪ್ರಾಣಿಗಳನ್ನು ರಷ್ಯನ್ ವೋಡ್ಕಾದಲ್ಲಿ ಇಟ್ಕೊಂಡು ಬಂದ್ರು. ಜೋಕ್ ಅಲ್ರಿ, ನಿಜ.

ಅಲ್ಲಿ ಸಿಕ್ಕ ಒಂದು ಕೊಳವೆ ಹುಳು ಸುಮಾರು ಎರಡು ಮೀಟರ್‌ವರೆಗೆ ಬೆಳೀತದೆ. ತುದಿಯಲ್ಲಿ ಕೆಂಪು ಗರಿ. ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಮತ್ತೆ ಊಟ?

1980ರಲ್ಲಿ ಹಾರ್ವರ್ಡ್‌ನಲ್ಲಿ ಮೆರೆಡಿತ್ ಜೋನ್ಸ್ ಎಂಬ ವಿಜ್ಞಾನಿ ಆ ಹುಳದ ಬಗ್ಗೆ ಕ್ಲಾಸ್ ತಗೊಂಡಿದ್ರು. ಅದರ ಮೈಯೊಳಗೆ ಗಂಧಕದ ಹರಳು ಸಿಕ್ಕಿವೆ ಅಂದ್ರು. ಕೇಳ್ತಾ ಕೂತಿದ್ದ ವಿದ್ಯಾರ್ಥಿನಿ ಕೊಲೀನ್ ಕ್ಯಾವನಾ ಎದ್ದು ನಿಂತು, ಹಂಗಾದ್ರೆ ಗಂಧಕದಿಂದ ಬದುಕೋ ಬ್ಯಾಕ್ಟೀರಿಯಾ ಅದರೊಳಗೇ ಇರಬೇಕು ಅಂದಳು. ಜೋನ್ಸ್ ಅವಳಿಗೆ ಹುಳದ ಒಂದು ತುಣುಕು ಕೊಟ್ರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾ ತುಂಬಿ ತುಳುಕ್ತಿದ್ವು. 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟ ಆಯ್ತು. ಲಾಸ್ಟ್ ಬೆಂಚಿನ ಗೆಳೆಯರೇ, ಡೌಟ್ ಬಂದ್ರೆ ಎದ್ದು ಕೇಳ್ರಿ!

ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಮಾತು. ಕ್ಯಾವನಾ ಅದೇ ಪ್ರಶ್ನೆ ಹಿಡ್ಕೊಂಡು ದಡದ ಕೆಸರಿಗೂ ಬಂದಳು. ಕಡಲಹುಲ್ಲಿನ ಬುಡದ ವಾಸನೆ ಕೆಸರಿನಲ್ಲಿ ಸೊಲೆಮಿಯಾ ಎಂಬ ಸಣ್ಣ ಚಿಪ್ಪು ಇದೆ. ಅದರ ಹೊಟ್ಟೆ ಹೆಸರಿಗಷ್ಟೇ. ಅದರ ಕಿವಿರಿನಲ್ಲೂ ಅಂಥದ್ದೇ ಬ್ಯಾಕ್ಟೀರಿಯಾ! 1983ರಲ್ಲಿ ಅದೂ ಪ್ರಕಟ ಆಯ್ತು. ಸಮುದ್ರದ ತಳದ ಪವಾಡ ಅಂದ್ಕೊಂಡಿದ್ದು ಇಳಿತದಲ್ಲಿ ನಡೆದು ಹೋಗೋ ಜಾಗದಲ್ಲೂ ಇತ್ತು.

5/6
ಹಂಗಾದ್ರ ಬದುಕೋ ದಾರಿ ಯಾವ್ಯಾವು? ನನಗೆ ತಿಳಿದಷ್ಟು, ನಮ್ಮ ಭಾಷೆಯಲ್ಲಿ:

▪️ ಕೊಳವೆ ಹಾಕೋದು. ಬಳಚು ಕೆಸರೊಳಗೆ ಹುಗಿದುಕೊಂಡೇ ಇರ್ತದೆ, ಆದರೆ ಎರಡು ಕೊಳವೆ ಮೇಲಕ್ಕೆ ಚಾಚಿರ್ತದೆ. ಒಂದರಿಂದ ಹೊಸ ನೀರು ಒಳಗೆ, ಇನ್ನೊಂದರಿಂದ ಹಳೇ ನೀರು ಹೊರಗೆ. ಮನೆ ಕೆಸರಿನಲ್ಲಿ, ಉಸಿರು ಮೇಲಿನ ನೀರಿನಲ್ಲಿ.

▪️ ಬಾಗಿಲು ಹಾಕಿ ಖರ್ಚು ಇಳಿಸೋದು. ನೀರು ಇಳಿದಾಗ ಚಿಪ್ಪು ಬಿಗಿಯಾಗಿ ಮುಚ್ಚಿ, ಎದೆಬಡಿತವನ್ನೂ ನಿಧಾನ ಮಾಡ್ತದೆ. ಮೈಯಲ್ಲಿ ಕೂಡಿಟ್ಟ ಗ್ಲೈಕೊಜನ್ನನ್ನು ಆಮ್ಲಜನಕ ಇಲ್ಲದೆಯೇ ಸ್ವಲ್ಪ ಸ್ವಲ್ಪ ಕರಗಿಸ್ತದೆ. ಓಡಿ ಓಡಿ ನಮ್ಮ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬ್ತದಲ್ಲ, ಚಿಪ್ಪು ಮೀನು ಮುಖ್ಯವಾಗಿ ಸಕ್ಸಿನೇಟ್ ಅನ್ನೋ ಬೇರೆ ದಾರಿ ಹಿಡೀತದೆ. ಒಂದೇ ಸಕ್ಕರೆಯಿಂದ ಸ್ವಲ್ಪ ಜಾಸ್ತಿ ಶಕ್ತಿ ಸಿಗ್ತದೆ. ಆದಾಯ ಕಡಿಮೆ ಇದ್ದಾಗ ಖರ್ಚೂ ಕಡಿಮೆ, ಉಳಿತಾಯದ ಮೇಲೆ ಜೀವನ. ನಮ್ಮ ತಿಂಗಳ ಕೊನೇ ವಾರದಂಗ.

▪️ ವಿಷ ಕಳೆಯೋದು. ಕೆಸರಿನ ಎಷ್ಟೋ ಹುಳು-ಚಿಪ್ಪುಗಳು ಸಲ್ಫೈಡನ್ನು ಥಯೋಸಲ್ಫೇಟ್ ಮಾಡಿ ಬಿಡ್ತವೆ. ಅದು ಅಷ್ಟು ವಿಷ ಅಲ್ಲ. ಆದ್ರೆ ಈ ಕೆಲಸಕ್ಕೂ ಆಮ್ಲಜನಕ ಬೇಕು.

▪️ ರಕ್ತ, ಕಿವಿರು ಬದಲಿಸಿಕೊಳ್ಳೋದು. ಹೆಚ್ಚಿನ ಚಿಪ್ಪು ಮೀನಿನ ರಕ್ತಕ್ಕೆ ಬಣ್ಣ ಇಲ್ಲ. ರಕ್ತ ಚಿಪ್ಪಿನಂಥ ಕೆಲವಕ್ಕೆ ನಮ್ಮಂಗ ಹಿಮೋಗ್ಲೋಬಿನ್ ಇರೋ ಕೆಂಪು ರಕ್ತ. ಕಡಿಮೆ ಆಮ್ಲಜನಕದ ಕಡೆ ಬದುಕೋ ಹುಳುಗಳಿಗೆ ದೊಡ್ಡ ಕವಲು ಕವಲು ಕಿವಿರು.

▪️ ಪಾಲುದಾರಿಕೆ. ಕೊಳವೆ ಹುಳದ ಹಿಮೋಗ್ಲೋಬಿನ್ ಆಮ್ಲಜನಕವನ್ನೂ ಸಲ್ಫೈಡನ್ನೂ ಬೇರೆ ಬೇರೆ ಜಾಗದಲ್ಲಿ ಹಿಡಿದು ಒಳಗಿನ ಬ್ಯಾಕ್ಟೀರಿಯಾಗೆ ಒಯ್ತದೆ. ಅವು ಅದರಿಂದ ಆಹಾರ ಮಾಡಿ ಹುಳಕ್ಕೂ ಕೊಡ್ತವೆ. ವಿಷವೇ ಬಂಡವಾಳ!

6/6
ಇಷ್ಟು ಓದಿ, "ಹಂಗಾದ್ರ ಅವಕ್ಕೇನೂ ಆಗೂದಿಲ್ಲ ಬಿಡು" ಅಂತ ಅನ್ಕೋಬ್ಯಾಡ್ರಿ. ಇದನ್ನು ಹೇಳೋಕೇ ಈ ಸರಣಿ ಬರೆದೆ.

ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಮ್ಲಜನಕ ಕಡಿಮೆ ಇರೋ ಕೆಳಗಿನ ನೀರು ದಡದ ಕಡೆ ಏರಿ ಬರ್ತದೆ. ಮೇಲೆ ಮಳೆ-ಹೊಳೆಯ ಸಿಹಿನೀರು ಮುಚ್ಚಳದಂಗೆ ಕೂರ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು: 1999ರ ಮಳೆಗಾಲದ ಕೊನೆಗೆ ದಡದ ಹತ್ತಿರದ ನೀರಿನಲ್ಲೇ ಹೈಡ್ರೋಜನ್ ಸಲ್ಫೈಡ್ ಸಿಕ್ಕಿತ್ತು. ಈ ಏರಿಳಿತ ನೈಸರ್ಗಿಕ. ಆದರೆ ಹೊಲದ ಗೊಬ್ಬರ, ಊರಿನ ಕೊಳಚೆ ಸೇರಿ ಅದು ಜೋರಾಗ್ತಿರಬಹುದು ಅಂತ ಅವರು ಎಚ್ಚರಿಸಿದ್ರು.

ಬಳಚು ಬಾಗಿಲು ಹಾಕ್ಕೊಂಡು ಕೂರೋದು ಮುಂದಿನ ಉಬ್ಬರ ಬರ್ತದೆ ಅಂತ. ಕೂಡಿಟ್ಟಿದ್ದು ಮುಗಿಯೋದರೊಳಗೆ ಒಳ್ಳೇ ನೀರು ಬರದಿದ್ರೆ ಅದೂ ಸಾಯ್ತದೆ. ಕಷ್ಟ ತಡಕೊಳ್ಳೋರ ಮೇಲೆ ಇನ್ನಷ್ಟು ಕಷ್ಟ ಹಾಕಬಹುದು ಅಂತ ಅರ್ಥ ಅಲ್ಲ.

"ಹೊಲಸು", "ನಿರ್ಜೀವ", "ಖಾಲಿ ಜಾಗ" ಅಂತ ಒಮ್ಮೆ ಹೆಸರು ಬಿದ್ದರೆ ಅಲ್ಲಿ ಏನು ಸುರಿದ್ರೂ ಯಾರೂ ಕೇಳಲ್ಲ. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ತು, 4,801 ಹೆಕ್ಟೇರ್. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಅದೇ ಸಲ ಸಿಕ್ತು. ಆದರೆ ಆ ಕೆಸರಿನ ಬೆಲೆ ಬಗ್ಗಿ ಬಳಚು ಆರಿಸೋರಿಗೆ ಪಟ್ಟಿಗಿಂತ ಎಷ್ಟೋ ಮುಂಚೆಯೇ ಗೊತ್ತಿತ್ತು.

ಮತ್ತೆ ಹೋದಾಗ ಗೆಳೆಯನ ತಾಯಿ ಹತ್ರ ಬಳಚು ಆರಿಸೋದು ಕಲೀಬೇಕು ಅಂತಿದೀನಿ. ಈ ಸಲ ಮೂಗು ಮುಚ್ಚಲ್ಲ.

ಕಾರವಾರ, ಅಂಕೋಲಾ, ಕುಂದಾಪುರ, ಕಾಸರಗೋಡು ಕಡೆಯವರೇ, ನಿಮ್ಮಲ್ಲಿ ಈ ಚಿಪ್ಪುಗಳಿಗೆ ಏನಂತಾರ? ಯಾವ ತಿಂಗಳು ಸಿಗ್ತಾವ? ಕೆಳಗೆ ಬರೀರಿ. ನಿಮ್ಮನೆ ಹಿರಿಯರನ್ನ ಕೇಳಿ ಬರೆದ್ರೆ ಇನ್ನೂ ಚಲೋ 🐚

#ಅಘನಾಶಿನಿ #ಬಳಚು #ಗರಗ #ಕೆಸರಿನ_ಇತಿಹಾಸ