ಹಾಡಿಗೊಂದು ಖಾನೆ: ಬೆಂಗಳೂರು ಬಾನುಲಿಯಲ್ಲಿ ಸಂಗೀತದ ವರ್ಗೀಕರಣ

ಕುಮಾರ ಪಾರ್ಕ್‌ನಿಂದ ಹೈಗ್ರೌಂಡ್ಸ್ ಹಾದು ಹೋದರೆ ರಾಜಭವನ ರಸ್ತೆ, ಅಲ್ಲಿ ಆಕಾಶವಾಣಿ. ಕುಮಾರ ಪಾರ್ಕ್, ಶೇಷಾದ್ರಿಪುರ, ಮಲ್ಲೇಶ್ವರದ ಮನೆಗಳು ಶಾಸ್ತ್ರೀಯ, ಸುಗಮ, ಜಾನಪದ, ಚಿತ್ರಗೀತೆ ಎಂದು ಸಂಗೀತವನ್ನು ವಿಂಗಡಿಸಿ ಕೇಳಲು ಕಲಿತದ್ದು ಬಹುಮಟ್ಟಿಗೆ ಆ ಕಟ್ಟಡದ ಉದ್ಘೋಷಣೆಗಳಿಂದ. ಈ ವಿಂಗಡಣೆ ರಸಿಕರು ಕೂಡಿ ಮಾಡಿದ್ದಲ್ಲ. ಅದು ಆಡಳಿತದ ಅಗತ್ಯದಿಂದ ಹುಟ್ಟಿತು, ಆಮೇಲೆ ಜಾಹೀರಾತಿನ ಅಗತ್ಯಕ್ಕೆ ತಕ್ಕಂತೆ ಬದಲಾಯಿತು. ಆ ಬದಲಾವಣೆಯಲ್ಲಿ ಒಂದು ಇಡೀ ಪ್ರಕಾರ ಜಾಗ ಕಳೆದುಕೊಂಡಿತು ಎಂಬುದು ಈ ಲೇಖನದ ವಾದ.

ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆ ನಿಲಯ 1950ರಲ್ಲಿ ಕೇಂದ್ರ ಸರ್ಕಾರದ ತೆಕ್ಕೆಗೆ ಬಂತು, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಬೆಂಗಳೂರು ಕೇಂದ್ರ ಕೆಲಸ ಶುರುಮಾಡಿದ್ದು ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಕಾಲದಲ್ಲಿ. ಇದು ಮುಖ್ಯ.

1952ರಲ್ಲಿ ಸಚಿವರಾದ ಕೇಸ್ಕರ್ ಚಿತ್ರಸಂಗೀತದ ಪಾಲನ್ನು ಕತ್ತರಿಸಲು ಹೊರಟರು. ಹಾಡು ಹಾಕುವಾಗ ಗಾಯಕರ ಹೆಸರು ಹೇಳಬೇಕು, ಸಿನಿಮಾದ ಹೆಸರು ಹೇಳಿದರೆ ಅದು ಜಾಹೀರಾತು ಎಂಬ ನಿಲುವು ಬಂತು. ನಿರ್ಮಾಪಕರು ಸಿಟ್ಟಿಗೆದ್ದು ಹಾಡುಗಳ ಪ್ರಸಾರದ ಅನುಮತಿಯನ್ನೇ ಹಿಂತೆಗೆದುಕೊಂಡರು. ಕೇಳುಗರು ರೇಡಿಯೋ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 1952ರ ಡಿಸೆಂಬರ್‌ನಲ್ಲಿ ಅಲ್ಲಿ ಶುರುವಾದ ಅಮೀನ್ ಸಯಾನಿಯವರ ಚಿತ್ರಗೀತೆ ಕಾರ್ಯಕ್ರಮ ಬಿನಾಕಾ ಗೀತಮಾಲಾ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಿ ಸರ್ಕಾರವೇ ಚಿತ್ರಗೀತೆಗೆ ಬಾಗಿಲು ತೆರೆಯಬೇಕಾಯಿತು.

ಆ ನಡುವೆ ಚಿತ್ರಗೀತೆ ಖಾಲಿಮಾಡಿದ ಜಾಗವನ್ನು ತುಂಬಲು ಆಕಾಶವಾಣಿ ಬೆಳೆಸಿದ್ದೇ ಸುಗಮ ಸಂಗೀತ. ಶಾಸ್ತ್ರೀಯವಲ್ಲದ, ಸಿನಿಮಾದ್ದೂ ಅಲ್ಲದ, ಜಾನಪದವೂ ಅಲ್ಲದ ಹಾಡು ಎಂದು ಅದನ್ನು ನಿರಾಕರಣೆಯಿಂದಲೇ ಗುರುತಿಸಬೇಕಾಗಿತ್ತು. ಆದರೆ ಅದಕ್ಕೆ ಪ್ರತ್ಯೇಕ ಧ್ವನಿಪರೀಕ್ಷೆ ಇತ್ತು. ಪಾಸಾದವರಿಗೆ ಬಿ, ಬಿ-ಹೈ, ಎ ಎಂಬ ಶ್ರೇಣಿ. ಶ್ರೇಣಿಗೆ ತಕ್ಕ ಸಂಭಾವನೆ. ಖಾನೆ ಎಂದರೆ ಇಲ್ಲಿ ಕಲಾವಿದನ ಕಾಂಟ್ರ್ಯಾಕ್ಟ್, ಸ್ಟುಡಿಯೋದ ಸಮಯ, ವಾದ್ಯದವರ ವೇಳಾಪಟ್ಟಿ. ಕನ್ನಡದಲ್ಲಿ ಈ ಖಾನೆಗೆ ಒಳ್ಳೆಯ ಅದೃಷ್ಟವಿತ್ತು, ಏಕೆಂದರೆ ತುಂಬಲು ನವೋದಯದ ಕವಿತೆಗಳು ಸಿದ್ಧವಿದ್ದವು. ಗಾಯಕ ಕಾಳಿಂಗರಾಯರು ಕವಿತೆಯನ್ನು ವೇದಿಕೆಗೆ ತಂದಿದ್ದರು, ಎಚ್.ಕೆ. ನಾರಾಯಣ, ಪದ್ಮಚರಣ್, ಮೈಸೂರು ಅನಂತಸ್ವಾಮಿ ಅದನ್ನು ಮನೆಮನೆಗೆ ಮುಟ್ಟಿಸಿದರು. 1978ರ 'ನಿತ್ಯೋತ್ಸವ' ಭಾವಗೀತೆ ಕ್ಯಾಸೆಟ್‌ಗೆ ಕೇಳುಗರು ಮೊದಲೇ ತಯಾರಾಗಿದ್ದುದರಲ್ಲಿ ಬಾನುಲಿಯ ಪಾಲು ದೊಡ್ಡದು. ಸರ್ಕಾರಿ ಕಡತದ ಒಂದು ತಲೆಬರಹ ಇಂಥ ಕಲೆಯನ್ನು ಪೋಷಿಸಿದ ಉದಾಹರಣೆಗಳು ವಿರಳ, ಅದಕ್ಕೆ ನಾವು ಕೃತಜ್ಞರಾಗಿರಬೇಕು.

ಬಾನುಲಿಯ ಹಾಡನ್ನು ವಿಂಗಡಿಸುವಲ್ಲಿ ಅಮೆರಿಕದ ದಾರಿ ಬೇರೆ. 1950ರ ದಶಕದ ಆರಂಭದಲ್ಲಿ ಒಮಾಹಾದ ಬಾನುಲಿ ಒಡೆಯ ಟಾಡ್ ಸ್ಟಾರ್ಜ್ ಜನ ಮೆಚ್ಚಿದ ಕೆಲವೇ ಹಾಡುಗಳನ್ನು ಮತ್ತೆ ಮತ್ತೆ ಹಾಕುವ ಕ್ರಮ ತಂದರು. ಟಾಪ್ 40 ಬೆಳೆದದ್ದು ಅದರಿಂದ. ಅಲ್ಲಿನ ಖಾನೆಗಳು, ಅಂದರೆ ಫಾರ್ಮ್ಯಾಟ್‌ಗಳು, ಹೇಳಿದ್ದು ಯಾರು ಕೇಳುತ್ತಾರೆ ಎಂಬುದನ್ನು: ಯಾವ ವಯಸ್ಸು, ಯಾವ ಖರೀದಿದಾರ.

ಈ ಕ್ರಮಕ್ಕೆ ಬೆಂಗಳೂರಿನಲ್ಲಿ ದಾರಿ ತೆರೆದುಕೊಂಡದ್ದು 2001ರ ಜುಲೈ 3ರಂದು, ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿಯೊಂದಿಗೆ. ಆರಂಭದಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಒಂದೇ ವಾಹಿನಿಯಲ್ಲಿ ಬೆರೆತಿದ್ದವು. ಪರವಾನಗಿ ಶುಲ್ಕ ವರ್ಷಕ್ಕೆ ಶೇ. 15ರಷ್ಟು ಏರುತ್ತಿದ್ದಾಗ ಕೇಳುಗರ ಒಂದು ಗುಂಪಿಗೆ ಮಾತ್ರ ಹಾಡುವುದು ಯಾರಿಗೂ ಕೈಗೆಟುಕುತ್ತಿರಲಿಲ್ಲ. 2005ರ ನೀತಿ ಪ್ರವೇಶ ಶುಲ್ಕದ ಜೊತೆಗೆ ಆದಾಯದ ಶೇ. 4ರ ಪಾಲನ್ನು ನಿಗದಿಮಾಡಿತು. ನಿಲಯಗಳು ಹೆಚ್ಚಿದವು, ಪ್ರತಿಯೊಂದಕ್ಕೂ ತನ್ನದೇ ಗುರುತು ಬೇಕಾಯಿತು. 2007ರಲ್ಲಿ ಕೇಳುಗರ ಡೈರಿ ಆಧರಿಸಿದ 'ರ್‍ಯಾಮ್' ಸಮೀಕ್ಷೆಯೂ ಬಂತು.

ಆಗ ಬೆಂಗಳೂರಿನಲ್ಲಿ ಭಾಷೆಯೇ ಫಾರ್ಮ್ಯಾಟ್ ಆಯಿತು. ಇಂಡಿಗೋ ನಿಲಯ ಇಂಗ್ಲಿಷ್ ಹಿಡಿಯಿತು. ಕನ್ನಡ ಹಾಡಿಗೆ ಜಾಗ ಕೊಡಿ ಎಂಬ ಒತ್ತಾಯ ಹೊರಗಿನಿಂದಲೂ ಇತ್ತು, ಆದರೆ 2006ರ ಡಿಸೆಂಬರ್ ಕೊನೆಗೆ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳು ಕನ್ನಡಕ್ಕೂ ಮಾರುಕಟ್ಟೆಯಿದೆ ಎಂದು ತೋರಿಸಿದವು, ಕನ್ನಡವೂ ಒಂದು ಫಾರ್ಮ್ಯಾಟ್ ಆಯಿತು. ಇದು ದೊಡ್ಡ ಗೆಲುವು.

ಅದರೊಳಗೇ ನಷ್ಟವೂ ಇದೆ. ಈ ಕನ್ನಡ ಫಾರ್ಮ್ಯಾಟ್ ವಾಸ್ತವದಲ್ಲಿ ಕನ್ನಡ ಚಿತ್ರಗೀತೆಯ ಫಾರ್ಮ್ಯಾಟ್. ಹಾಡುಗಳ ಸರದಿ ನಿರ್ಧರಿಸುವ ತಂತ್ರಾಂಶದಲ್ಲಿ ಪ್ರತಿ ಹಾಡಿಗೂ ಕಾಲ, ಲಯ, ಭಾವ ಎಂದು ಗುರುತು ಹಾಕುತ್ತಾರೆ. ಹೊಸ ಹಿಟ್‌ಗೆ ದಿನಕ್ಕೆ ಹಲವು ಸರದಿ, ಹಳೆಯದಕ್ಕೆ 'ರೆಟ್ರೋ' ಹೊತ್ತು. ಸುಗಮ ಸಂಗೀತದ ಭಾವಗೀತೆಗೆ ಬಿಡುಗಡೆಯ ವಾರವಿಲ್ಲ, ನಾಯಕನಟನಿಲ್ಲ, ಪ್ರಚಾರದ ಬಜೆಟ್ ಇಲ್ಲ. ಹೀಗಾಗಿ ಅದು ಹೊಸದಾಗಿ ಹುಟ್ಟಿದರೂ ಹಿಟ್ ಎನಿಸುವುದಿಲ್ಲ, ಹಳತಾದರೂ ರೆಟ್ರೋ ಆಗುವುದಿಲ್ಲ. ಶಾಸ್ತ್ರೀಯಕ್ಕೆ ಆಕಾಶವಾಣಿಯ ಅಮೃತವರ್ಷಿಣಿ ಇತ್ತು, 2016ರಲ್ಲಿ ರಾಗಂ ಬಂತು. ಸುಗಮ ಸಂಗೀತಕ್ಕೆ ಅಂಥ ಮೀಸಲು ವಾಹಿನಿ ದೊರೆಯಲಿಲ್ಲ. ಖಾಸಗಿ ನಿಲಯಗಳು ಬಂದ ಮೇಲೂ ಅದರ ಕಾಯಂ ವಿಳಾಸವಾಗಿ ಉಳಿದದ್ದು ಆಕಾಶವಾಣಿಯೇ.