ಒಂದು ವರ್ಷಕ್ಕೆ ಅರವತ್ತೊಂಬತ್ತು!

"ಏಕದಿನ ಕ್ರಿಕೆಟ್ ಅಂದ್ರೆ ಬ್ಯಾಟ್ಸ್‌ಮನ್‌ಗಳ ಆಟ, ಅಲ್ಲಿ ಸ್ಪಿನ್ನರಿಗೇನು ಕೆಲಸ?" ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಹಾಗನ್ನುವವರಿಗೆ ಒಂದು ಪಟ್ಟಿ ತೋರಿಸಬೇಕು. ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಅತಿ ಹೆಚ್ಚು ವಿಕೆಟ್ ಕಿತ್ತವರ ಪಟ್ಟಿ ಅದು.

ಮೊದಲ ಸಾಲು ಪಾಕಿಸ್ತಾನದ ಸಕ್ಲೇನ್ ಮುಷ್ತಾಕ್, 1997, 36 ಪಂದ್ಯ, 69 ವಿಕೆಟ್. ಎರಡನೆಯ ಸಾಲೂ ಅವನದೇ, 1996, 33 ಪಂದ್ಯ, 65 ವಿಕೆಟ್. ಆಮೇಲೆ ತಲಾ 62 ವಿಕೆಟ್ ಪಡೆದ ಶೇನ್ ವಾರ್ನ್ (1999) ಮತ್ತು ಸಯೀದ್ ಅಜ್ಮಲ್ (2013). ನಾಲ್ಕೂ ಸಾಲು ಸ್ಪಿನ್ನರುಗಳದ್ದೇ! ಅವರ ಬೆನ್ನಿಗೇ 61ರ ಸಾಲಿನಲ್ಲಿ ನಮ್ಮ ಅನಿಲ್ ಕುಂಬ್ಳೆ ಇದ್ದಾನೆ, 1996, 32 ಪಂದ್ಯ.

ಆ 1996 ಇದೆಯಲ್ಲ, ಅದು ವಿಚಿತ್ರ ವರ್ಷ. ವಿಶ್ವಕಪ್‌ನಲ್ಲಿ ಜಯಸೂರ್ಯ-ಕಲುವಿತರಣ ಜೋಡಿ ಮೊದಲ 15 ಓವರುಗಳ ಅರ್ಥವನ್ನೇ ಬದಲಿಸಿತು. ವಿಶ್ವಕಪ್ ಮುಗಿದರೂ ಬಿಡುವಿಲ್ಲ, ಸಿಂಗಪುರ, ಶಾರ್ಜಾ, ಟೊರಾಂಟೊ ಅಂತ ಸುತ್ತಾಟ. ಎಲ್ಲರೂ ಬೀಸಿ ಹೊಡೆಯೋಕೆ ಹೊರಟ ಕಾಲದಲ್ಲಿ ವಿಕೆಟ್ ಸಿಕ್ಕಿದ್ದು ಯಾರಿಗೆ? ಹೊಡೆಯೋಕೆ ಸುಲಭ ಅಂತ ಅಂದುಕೊಂಡವರಿಗೆ.

ಕುಂಬ್ಳೆ ಬಗ್ಗೆ ಆಗಿನ ದೂರು ಒಂದೇ, "ಚೆಂಡು ತಿರುಗೋದೇ ಇಲ್ಲ". ತಿರುಗದಿದ್ದರೇನಂತೆ? ವೇಗವಾಗಿ ನುಗ್ಗಿ, ಪುಟಿದು, ನೇರ ಸ್ಟಂಪಿಗೆ ಬರೋ ಚೆಂಡನ್ನ ಅಡ್ಡ ಬೀಸಿದವನ ಕಾಲಿಗೋ ಬೇಲ್ಸಿಗೋ ಅಪಾಯ ತಪ್ಪಿದ್ದಲ್ಲ. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್ ಅವನದೇ, 15. ಮಾರ್ಚ್ 9ರ ಬೆಂಗಳೂರಿನ ಕ್ವಾರ್ಟರ್ ಫೈನಲ್ ಅಂದರೆ ನಮಗೆಲ್ಲ ನೆನಪಾಗೋದು ವೆಂಕಟೇಶ್ ಪ್ರಸಾದ್ ಮತ್ತು ಅಮೀರ್ ಸೊಹೇಲ್. ಕುಂಬ್ಳೆಯೂ ಅವತ್ತು 3 ವಿಕೆಟ್ ತೆಗೆದಿದ್ದ ಅನ್ನೋದು ಎಷ್ಟು ಜನಕ್ಕೆ ನೆನಪಿದೆ?

ತಮಾಷೆ ನೋಡಿ, ಅದೇ ವರ್ಷದ ಟೈಟನ್ ಕಪ್‌ನಲ್ಲಿ ಬೆಂಗಳೂರು ಅವನನ್ನ ಹೊತ್ತು ಮೆರೆಸಿದ್ದು ಬ್ಯಾಟಿಂಗಿಗೆ! ಅಕ್ಟೋಬರ್ 21, ಎದುರಾಳಿ ಆಸ್ಟ್ರೇಲಿಯಾ, ಸಚಿನ್ 88 ಹೊಡೆದು ಹೋದ ಮೇಲೆ ಶ್ರೀನಾಥ್ ಜೊತೆ ಮುರಿಯದ 52 ರನ್. 61 ವಿಕೆಟ್ ಕಿತ್ತ ವರ್ಷದಲ್ಲಿ ಮನೆಮಾತಾಗಿದ್ದು ಆ ರನ್ನುಗಳು. ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ 4 ವಿಕೆಟ್ ತೆಗೆದಿದ್ದು ಹಿಂದೆ ಸರಿಯಿತು.

ಸಕ್ಲೇನನದು ಇನ್ನೊಂದು ಕಥೆ. ಆಫ್ ಸ್ಪಿನ್ನರ್ ಆಗಿ, ಬೇರೆ ತಂಡಗಳು ಸ್ಪಿನ್ನರನ್ನ ಬಚ್ಚಿಡುತ್ತಿದ್ದ ಕೊನೆಯ ಓವರುಗಳಲ್ಲೇ ಅವನು ಬೌಲ್ ಮಾಡುತ್ತಿದ್ದ. ಅವನ ಕೈಲಿದ್ದ ಅಸ್ತ್ರ 'ದೂಸ್ರಾ', ಅಂದರೆ ಆಫ್ ಸ್ಪಿನ್ನಿನಂತೆ ಕಂಡು ಹೊರಕ್ಕೆ ತಿರುಗೋ ಚೆಂಡು. ಕೀಪರ್ ಮೊಯಿನ್ ಖಾನ್ ವಿಕೆಟ್ ಹಿಂದಿನಿಂದ ಕೂಗುತ್ತಿದ್ದುದರಿಂದಲೇ ಆ ಹೆಸರು ಬಂತು ಅಂತಾರೆ. ಮುಂದೆ ಅದೇ ದೂಸ್ರಾ ಹಿಡಿದು 62 ವಿಕೆಟ್ ತೆಗೆದ ಅಜ್ಮಲ್‌ನನ್ನ, ಬೌಲಿಂಗ್ ಶೈಲಿ ನಿಯಮಬಾಹಿರ ಅಂತ 2014ರಲ್ಲಿ ಐಸಿಸಿ ಅಮಾನತು ಮಾಡಿತು.

"ಆಗ ಪಂದ್ಯಗಳು ಜಾಸ್ತಿ, ಅದಕ್ಕೇ ವಿಕೆಟ್ ಜಾಸ್ತಿ" ಅನ್ನಬಹುದು. ಅರ್ಧ ನಿಜ. 2023ರಲ್ಲಿ, ಅದೂ ವಿಶ್ವಕಪ್ ವರ್ಷ, ಕುಲದೀಪ್ ಯಾದವ್ 30 ಪಂದ್ಯಗಳಲ್ಲಿ 49 ವಿಕೆಟ್ ತೆಗೆದು ಮೊದಲಿಗನಾದ. ಅದೇ ಲೆಕ್ಕದಲ್ಲಿ 69 ಮುಟ್ಟಲು ಅವನಿಗೆ 42 ಪಂದ್ಯವೂ ಸಾಲುತ್ತಿರಲಿಲ್ಲ. ಸಕ್ಲೇನ್, ಕುಂಬ್ಳೆ ಇಬ್ಬರದೂ ಪಂದ್ಯಕ್ಕೆ ಹತ್ತಿರ ಹತ್ತಿರ ಎರಡು ವಿಕೆಟ್.

ಆದರೆ ಬೆಲೆಯೂ ಇತ್ತು. 69 ವಿಕೆಟ್‌ಗಳ ವರ್ಷ ಸಕ್ಲೇನನಿಗೆ ಬರೀ 20. ಮೊಣಕಾಲು ಕೈಕೊಟ್ಟು, 2003ರಲ್ಲಿ ಕೊನೆಯ ಏಕದಿನ ಪಂದ್ಯ ಆಡಿದಾಗ 26. 169 ಪಂದ್ಯ, 288 ವಿಕೆಟ್, ಅಷ್ಟೇ. ಕುಂಬ್ಳೆ 2007ರ ತನಕ ಆಡಿ 271 ಪಂದ್ಯಗಳಲ್ಲಿ 337 ತೆಗೆದ. ಒಬ್ಬ ವರ್ಷದ ದಾಖಲೆ ಬರೆದ, ಇನ್ನೊಬ್ಬ ವರ್ಷಗಟ್ಟಲೆ ಉಳಿದ.

ದೊಡ್ಡದು ಯಾವುದು? ನೀವೇ ಹೇಳಿ.